ಮೇಣದ ಬತ್ತಿಯೂ ಶಾಸ್ತ್ರಲೇಖಕನ ಶಿಕ್ಷಣವೂ

ಶಾಸ್ತ್ರವನ್ನು ಬಲ್ಲವನು ಅದನ್ನು ತಿಳಿಯಹೇಳಲೂ ಬಲ್ಲನೆಂಬ ನಂಬಿಕೆಯು ವಿದ್ಯಾವಂತರಲ್ಲಿ ಬಹುಕಾಲದಿಂದ ಬೇರೂರಿಕೊಂಡಿದೆ. ವೀಣೆಯನ್ನು ಮಾಡಬಲ್ಲ ಬಡಗಿಯು ಅದನ್ನು ನುಡಿಸಲೂ ಬಲ್ಲನೆಂದು ಯಾರೂ ಸಾಧಿಸಲಾರರು; ಆದರೆ ರಸಾಯನಶಾಸ್ತ್ರದಲ್ಲಿ ಪದವಿ ಪಡೆದವನು ಲೇಖನಿಯನ್ನು ಕೈಗೆತ್ತಿಕೊಂಡರೆ ಸಾಕು, ಆ ಶಾಸ್ತ್ರವು ಜನರ ಮನಸ್ಸಿಗೆ ತಾನಾಗಿಯೇ ಇಳಿಯುವುದೆಂದು ಭಾವಿಸುವವರು ಹಲವರಿದ್ದಾರೆ. ಇದಕ್ಕೆ ಎದುರಾಗಿ ಇನ್ನೊಂದು ನಂಬಿಕೆಯೂ ಉಂಟು: ತಿಳಿಯಹೇಳುವ ಶಕ್ತಿಯು ಹುಟ್ಟಿನೊಡನೆ ಬರತಕ್ಕದ್ದು, ಕಲಿಸಿದರೆ ಬರುವಂತಹದಲ್ಲ ಎಂಬುದು. ಈ ಎರಡು ಮತಗಳು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಫಲದಲ್ಲಿ ಒಂದೇ ಆಗಿವೆ. ಎರಡರ ಪ್ರಕಾರವೂ ಶಾಸ್ತ್ರಲೇಖಕನಿಗೆ ಶಿಕ್ಷಣವು ಅನಾವಶ್ಯಕ. ಮೊದಲನೆಯವರಿಗೆ ಅದು ಆಗಲೇ ಮುಗಿದಿದೆ; ಎರಡನೆಯವರಿಗೆ ಅದು ಎಂದಿಗೂ ಆಗತಕ್ಕದ್ದಲ್ಲ. ಈ ಮತಗಳನ್ನು ಒರೆಗೆ ಹಚ್ಚಿ ನೋಡಬೇಕಾದರೆ ಮೈಕೇಲ್ ಫ್ಯಾರಡೆಯ ‘ಮೇಣದ ಬತ್ತಿಯ ರಸಾಯನಚರಿತ್ರೆ’ ಎಂಬ ಚಿಕ್ಕ ಪುಸ್ತಕಕ್ಕಿಂತ ಉತ್ತಮವಾದ ಸಾಧನವು ದೊರೆಯುವುದು ಕಷ್ಟ.

ಈ ಪುಸ್ತಕವು ಮೊದಲು ಪುಸ್ತಕವಾಗಿ ಹುಟ್ಟಿದುದಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ರಜದ ದಿನಗಳಲ್ಲಿ ಬಾಲಕ ಬಾಲಕಿಯರಿಗಾಗಿ ಉಪನ್ಯಾಸಮಾಲೆಗಳನ್ನು ನಡೆಸುವ ಪದ್ಧತಿಯು ೧೮೨೫ರಲ್ಲಿ ಆರಂಭವಾಯಿತು. ಫ್ಯಾರಡೆಯು ೧೮೨೭ರಿಂದ ೧೮೬೦ರ ವರೆಗೆ ಇಂತಹ ಹತ್ತೊಂಬತ್ತು ಮಾಲೆಗಳನ್ನು ನಡೆಸಿಕೊಟ್ಟನು. ಮೇಣದ ಬತ್ತಿಯನ್ನು ಕುರಿತ ಆರು ಉಪನ್ಯಾಸಗಳನ್ನು ಅವನು ೧೮೪೮ರಲ್ಲಿ ಒಮ್ಮೆ ಮಾಡಿ, ೧೮೬೦ರ ಕೊನೆಯಲ್ಲಿ ಮತ್ತೊಮ್ಮೆ ಮಾಡಿದನು. ಎರಡನೆಯ ಸಲ ಅವನು ಆಡಿದ ಮಾತುಗಳನ್ನು ಬರೆದುಕೊಂಡು, ವಿಲಿಯಂ ಕ್ರುಕ್ಸ್ ಎಂಬ ರಸಾಯನಶಾಸ್ತ್ರಜ್ಞನ ಸಂಪಾದಕತ್ವದಲ್ಲಿ ೧೮೬೧ರಲ್ಲಿ ಅಚ್ಚು ಹಾಕಿದರು. ಆ ಹೊತ್ತಿಗೆ ಫ್ಯಾರಡೆಗೆ ಅರುವತ್ತೊಂಬತ್ತು ವರ್ಷ. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ಸಂಬಂಧವನ್ನು ೧೮೩೧ರಲ್ಲಿ ಪ್ರಯೋಗದಿಂದ ತೋರಿಸಿ ಲೋಕದ ಮುಖವನ್ನೇ ಬದಲಾಯಿಸಿದ ಮಹಾಪುರುಷನು ಮುಪ್ಪಿನಲ್ಲಿ ಮಕ್ಕಳ ಮುಂದೆ ಒಂದು ಬತ್ತಿಯನ್ನು ಹಚ್ಚಿಟ್ಟುಕೊಂಡು ನಿಂತನೆಂಬುದೇ ಮನಸ್ಸನ್ನು ಮುಟ್ಟುವ ಸಂಗತಿ. ಆದರೆ ಪುಸ್ತಕದ ಬೆಲೆಯು ಆ ಸಂಗತಿಯನ್ನು ಅವಲಂಬಿಸಿಲ್ಲ.

ಮೊದಲು ಫ್ಯಾರಡೆಯು ಹುಟ್ಟು ವಾಗ್ಮಿಯೇ ಎಂಬ ಪ್ರಶ್ನೆಯನ್ನು ನೋಡಬಹುದು. ಅವನು ೧೭೯೧ರಲ್ಲಿ ಒಬ್ಬ ಕಮ್ಮಾರನ ಮಗನಾಗಿ ಹುಟ್ಟಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವನ ಬಳಿ ಕೆಲಸ ಕಲಿಯಲು ಸೇರಿದನು. ಕಟ್ಟಲು ಬಂದ ಪುಸ್ತಕಗಳನ್ನು ಓದುತ್ತಿದ್ದ ಆ ಹುಡುಗನ ಕೈಗೆ ಜೇನ್ ಮಾರ್ಸೆಟ್ ಎಂಬ ಮಹಿಳೆಯು ಬರೆದ ‘ರಸಾಯನಶಾಸ್ತ್ರ ಸಂಭಾಷಣೆಗಳು’ ಎಂಬ ಗ್ರಂಥವು ಬಿತ್ತು. ಈ ಗ್ರಂಥದ ಕಥೆಯೂ ಪ್ರಕೃತ ವಿಷಯಕ್ಕೆ ಸಲ್ಲತಕ್ಕದ್ದೇ. ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಹೋದ ಮಾರ್ಸೆಟ್ಟಳಿಗೆ ಅವು ಮೊದಮೊದಲು ಚೆನ್ನಾಗಿ ತಿಳಿಯಲಿಲ್ಲ. ಪ್ರಯೋಗಗಳು ಕಣ್ಣ ಮುಂದೆ ಓಡಿಹೋಗುತ್ತಿದ್ದವು. ಬಲ್ಲವರೊಡನೆ ಕುಳಿತು ಮಾತನಾಡಿದ ಮೇಲೆ ವಿಷಯವು ತಿಳಿಯಾಯಿತು. ತನಗೆ ಎಲ್ಲಿ ತಡೆಯಾಯಿತೋ ಅಲ್ಲಿಯೇ ಇತರರಿಗೂ ತಡೆಯಾಗುವುದೆಂದು ಕಂಡುಕೊಂಡು, ಒಬ್ಬ ಗುರುಪತ್ನಿಯಂತಹ ಹೆಂಗಸೂ ಇಬ್ಬರು ಹುಡುಗಿಯರೂ ಆಡುವ ಮಾತುಕತೆಯ ರೂಪದಲ್ಲಿ ಅವಳು ೧೮೦೬ರಲ್ಲಿ ಆ ಗ್ರಂಥವನ್ನು ಹೊರಪಡಿಸಿದಳು. ಮೊದಲ ಮುದ್ರಣಗಳಲ್ಲಿ ಅವಳ ಹೆಸರೂ ಇರಲಿಲ್ಲ. ಅರ್ಥವಾಗದೆ ಹೋದವರೊಬ್ಬರು ತಮ್ಮ ತಡೆಯನ್ನು ಮರೆಯದೆ ಬರೆದ ಪುಸ್ತಕದಿಂದ ಫ್ಯಾರಡೆಯು ರಸಾಯನಶಾಸ್ತ್ರದ ಓನಾಮವನ್ನು ಕಲಿತನು. ತನ್ನ ಕೀರ್ತಿಯ ಕಾಲದಲ್ಲಿಯೂ ಆ ಋಣವನ್ನು ಅವನು ಒಪ್ಪಿಕೊಂಡನು.

೧೮೧೨ರಲ್ಲಿ ಅವನು ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಗಳನ್ನು ಶುದ್ಧಪ್ರತಿ ಮಾಡಿ, ಚಿತ್ರಗಳನ್ನು ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮಾರನೆಯ ವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸವು ಅವನಿಗೆ ದೊರೆಯಿತು. ಇಲ್ಲಿಯವರೆಗಿನ ಕಥೆಯು ಎಲ್ಲರಿಗೂ ಗೊತ್ತಿರತಕ್ಕದ್ದು. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೇನೆಂದರೆ, ಅದೇ ೧೮೧೩ರಲ್ಲಿ ಇಪ್ಪತ್ತೊಂದು ವರ್ಷದ ಆ ತರುಣನು ಬೆಂಜಮಿನ್ ಆಬಟ್ ಎಂಬ ಸ್ನೇಹಿತನಿಗೆ ಉಪನ್ಯಾಸಕಲೆಯನ್ನು ಕುರಿತು ಸಾಲುಸಾಲಾಗಿ ಕಾಗದಗಳನ್ನು ಬರೆದನು. ಸಭಾಮಂದಿರದ ಆಕಾರ ಹೇಗಿರಬೇಕು, ಗಾಳಿ ಹೇಗೆ ಆಡಬೇಕು, ಉಪನ್ಯಾಸಕನು ಎಷ್ಟು ಹೊತ್ತು ಮಾತನಾಡಬೇಕು, ಕೈಗಳನ್ನು ಹೇಗಿಟ್ಟುಕೊಳ್ಳಬೇಕು, ಯಂತ್ರಸಾಮಗ್ರಿಯು ಎಲ್ಲರ ಕಣ್ಣಿಗೂ ಬೀಳುವಂತೆ ಹೇಗೆ ಜೋಡಿಸಬೇಕು ಎಂಬುದನ್ನೆಲ್ಲ ಇತರರ ಉಪನ್ಯಾಸಗಳನ್ನು ಕೇಳುತ್ತ ಕೇಳುತ್ತ ಅವನು ಗುರುತಿಸಿಕೊಂಡಿದ್ದನು. ಒಂದು ಗಂಟೆಗಿಂತ ದೀರ್ಘವಾದ ಉಪನ್ಯಾಸವನ್ನು ಯಾರೂ ಮಾಡಕೂಡದೆಂಬುದು ಅವನ ಮತ. ಇಷ್ಟಕ್ಕೇ ನಿಲ್ಲದೆ ಅವನು ಬೆಂಜಮಿನ್ ಸ್ಮಾರ್ಟ್ ಎಂಬ ವಾಗ್ಮಿತಾ ಶಿಕ್ಷಕನ ಪಾಠಗಳಿಗೆ ಹಣ ಕೊಟ್ಟು ಹೋದನು. ಪ್ರಸಿದ್ಧನಾದ ಮೇಲೆಯೂ ಮಾತು ವೇಗವಾಗದಂತೆ ‘ನಿಧಾನ’ ಎಂದು ಬರೆದ ಒಂದು ರಟ್ಟಿನ ಚೀಟಿಯನ್ನು ಮುಂದೆ ಇಟ್ಟುಕೊಳ್ಳುತ್ತಿದ್ದನು. ಅದನ್ನು ಮರೆತು ಓಡತೊಡಗಿದರೆ ಸಹಾಯಕನಾದ ಆಂಡರ್ಸನ್ನನು ಆ ಚೀಟಿಯನ್ನು ಅವನ ಕಣ್ಣ ಮುಂದೆ ಇಡಬೇಕೆಂದು ಅಪ್ಪಣೆಯಾಗಿತ್ತು. ಯಾವುದನ್ನು ಜನರು ಹುಟ್ಟುಗುಣವೆಂದು ಕೊಂಡಾಡಿದರೋ ಅದು ಐವತ್ತು ವರ್ಷಗಳ ಅಭ್ಯಾಸದ ಫಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಇನ್ನು ಆ ಅಭ್ಯಾಸವು ಪುಸ್ತಕದಲ್ಲಿ ಯಾವ ರೂಪದಿಂದ ಕಾಣಬರುವುದೆಂಬುದನ್ನು ನೋಡಬೇಕು. ಶೈಲಿಯ ಸೊಗಸಿಗಾಗಿ ಈ ಪುಸ್ತಕವನ್ನು ಓದುವವನಿಗೆ ನಿರಾಶೆಯಾದೀತು. ಅಲಂಕಾರಗಳು ವಿರಳ, ಮಾತು ಸಾಧಾರಣ. ಅದರ ಶಕ್ತಿಯೆಲ್ಲ ಅನುಕ್ರಮದಲ್ಲಿದೆ. ಮೊದಲ ಉಪನ್ಯಾಸವು ಬತ್ತಿಗಳನ್ನು ಹೇಗೆ ಮಾಡುತ್ತಾರೆಂಬ ವಿವರದಿಂದ ಪ್ರಾರಂಭವಾಗುತ್ತದೆ. ಕೊಬ್ಬಿನಲ್ಲಿ ಅದ್ದಿ ಮಾಡಿದ ಬತ್ತಿ, ಜೇನುಮೇಣದ ಬತ್ತಿ, ತಿಮಿಂಗಿಲದ ತಲೆಯಿಂದ ತೆಗೆದ ಮೇಣದ ಬತ್ತಿ, ಐರ್ಲೆಂಡಿನ ಜೌಗುನೆಲದಲ್ಲಿ ದೊರೆತ ಉರಿಯುವ ಮರದ ಚೂರು, ಇವೆಲ್ಲ ಮೇಜಿನ ಮೇಲೆ ಬರುತ್ತವೆ. ೧೭೮೨ರಲ್ಲಿ ಮುಳುಗಿದ ‘ರಾಯಲ್ ಜಾರ್ಜ್’ ಎಂಬ ಹಡಗಿನಿಂದ ಎತ್ತಿ ತೆಗೆದ ಒಂದು ಬತ್ತಿಯೂ ಬರುತ್ತದೆ. ಐವತ್ತೇಳು ವರ್ಷ ಉಪ್ಪುನೀರಿನಲ್ಲಿ ನೆನೆದಿದ್ದ ಅದು ಹಚ್ಚಿದೊಡನೆ ಉರಿಯುತ್ತದೆ. ಕೇಳುವವನು ವಸ್ತುವನ್ನು ಕಣ್ತುಂಬ ನೋಡಿದ ಮೇಲೆ ಪ್ರಶ್ನೆಯು ಹುಟ್ಟುತ್ತದೆ. ಗಟ್ಟಿಯಾದ ಮೇಣವು ಮೇಲಕ್ಕೇರಿ ಜ್ವಾಲೆಯನ್ನು ಸೇರುವುದೆಂತು? ಉರಿಯ ಬಳಿ ಮೇಣವು ಕರಗಿ ಒಂದು ಬಟ್ಟಲು ಉಂಟಾಗಿದೆಯಲ್ಲ, ಆ ಬಟ್ಟಲಿನ ಅಂಚು ಏತಕ್ಕೆ ಕರಗಲಿಲ್ಲ? ಉರಿಯ ಕಾವಿನಿಂದ ಗಾಳಿಯು ಸುತ್ತಲಿಂದ ಮೇಲಕ್ಕೆ ಹರಿಯುತ್ತ ಅಂಚನ್ನು ತಣ್ಣಗಿಡುತ್ತದೆ ಎಂಬ ಉತ್ತರ ಬರುವ ಹೊತ್ತಿಗೆ, ಆ ಉತ್ತರವನ್ನು ಕೇಳುವವನೇ ಅರ್ಧ ಊಹಿಸಿರುತ್ತಾನೆ. ಜ್ವಾಲೆಯ ನಡುವಣ ಕಪ್ಪು ಭಾಗಕ್ಕೆ ಬಾಗಿದ ಗಾಜಿನ ಕೊಳವೆಯೊಂದನ್ನು ಚುಚ್ಚಿ, ಅಲ್ಲಿಂದ ಹೊರಟ ಆವಿಯನ್ನು ಕೊಳವೆಯ ಇನ್ನೊಂದು ತುದಿಯಲ್ಲಿ ಹೊತ್ತಿಸಿ ತೋರಿಸಿದಾಗ, ಉರಿಯುವುದು ಮೇಣದ ಆವಿಯೆಂಬ ತತ್ತ್ವವನ್ನು ಬಾಯಿಪಾಠ ಮಾಡಬೇಕಾದ ಅಗತ್ಯವೇ ಉಳಿಯುವುದಿಲ್ಲ. ಸೊಟ್ಟಗೆ ಉರಿದು ಸೋರುವ ಬತ್ತಿಯನ್ನೂ ಅವನು ಮರೆಮಾಡುವುದಿಲ್ಲ. ಪ್ರಯೋಗವು ಕೆಟ್ಟರೂ ಕಾರಣವೇನೆಂದು ಕೇಳುವುದೇ ಮುಖ್ಯವೆಂದು ಮಕ್ಕಳಿಗೆ ಬುದ್ಧಿ ಹೇಳುತ್ತಾನೆ.

ವಸ್ತು, ಪ್ರಶ್ನೆ, ಪರೀಕ್ಷೆ, ಆಮೇಲೆ ಹೆಸರು: ಇದೇ ಈ ಪುಸ್ತಕದ ನಡಿಗೆ. ಕನ್ನಡದಲ್ಲಿ ಪ್ರಕಟವಾಗುವ ಶಾಸ್ತ್ರಲೇಖನಗಳಲ್ಲಿ ಬಹುಭಾಗವು ಈ ನಡಿಗೆಗೆ ತೀರ ವಿರುದ್ಧವಾಗಿ ಹೆಸರಿನಿಂದ ಹೊರಡುತ್ತದೆ. ಮೊದಲ ವಾಕ್ಯದಲ್ಲಿ ಪಾರಿಭಾಷಿಕ ಪದ, ಎರಡನೆಯದರಲ್ಲಿ ಅದರ ಲಕ್ಷಣ, ಮೂರನೆಯದರಲ್ಲಿ ಅದನ್ನು ಕಂಡುಹಿಡಿದವನ ಹೆಸರು ಮತ್ತು ದೇಶ, ಕೊನೆಯಲ್ಲಿ ಅದರ ಪ್ರಯೋಜನಗಳ ಪಟ್ಟಿ. ಓದುವವನಿಗೆ ಇದರಿಂದ ಏನೂ ದೊರೆಯುವುದಿಲ್ಲವೆಂದಲ್ಲ. ಪರೀಕ್ಷೆಯಲ್ಲಿ ಬರೆಯುವುದಕ್ಕೆ ಬೇಕಾದುದು ದೊರೆಯುತ್ತದೆ. ದೊರೆಯದಿರುವುದು ಕಾರಣಪರಂಪರೆ. ಹೀಗೇ ಇದೆಯೆಂದು ತಿಳಿಯುತ್ತದೆ. ಹೀಗಿದೆಯೆಂದು ಹೇಗೆ ಗೊತ್ತಾಯಿತೆಂಬುದು ತಿಳಿಯುವುದಿಲ್ಲ.

ಫ್ಯಾರಡೆಯ ಪುಸ್ತಕವನ್ನು ಕನ್ನಡಕ್ಕೆ ತರಲು ಹೊರಡುವವನೊಬ್ಬನನ್ನು ಊಹಿಸಿಕೊಂಡರೆ ಶಿಕ್ಷಣದ ಪ್ರಶ್ನೆಯು ಇನ್ನೂ ಸ್ಫುಟವಾಗುತ್ತದೆ. ಪದಕ್ಕೆ ಪದವನ್ನು ಹೊಂದಿಸುವವನು ಮೇಣದ ಬತ್ತಿಯನ್ನು ಮೇಣದ ಬತ್ತಿಯಾಗಿಯೇ ಇಟ್ಟು ಮುಂದೆ ಸಾಗುವನು. ಶಿಕ್ಷಣ ಪಡೆದವನು ಒಂದು ಕ್ಷಣ ನಿಂತು, ಕನ್ನಡದ ಮನೆಯಲ್ಲಿ ಈ ಕೆಲಸವನ್ನು ಯಾವ ವಸ್ತು ಮಾಡೀತೆಂದು ಯೋಚಿಸುವನು. ದೇವರ ಮುಂದಿನ ಹಣತೆಯು ಕೂಡಲೆ ನೆನಪಿಗೆ ಬರುವುದು. ಎಣ್ಣೆಯು ಹತ್ತಿಯ ಬತ್ತಿಯ ಎಳೆಗಳ ಸಂದಿನಲ್ಲಿ ಏರುವುದನ್ನು ತೋರಿಸಲು ಹಣತೆಯೇ ಮೇಲು. ಆದರೆ ಕರಗುತ್ತ ಕರಗುತ್ತ ತನ್ನ ಬಟ್ಟಲನ್ನು ತಾನೇ ಮಾಡಿಕೊಳ್ಳುವ ಮೇಣದ ಬತ್ತಿಯ ಚಮತ್ಕಾರವು ಹಣತೆಯಲ್ಲಿ ಇಲ್ಲ. ಅದರ ಬಟ್ಟಲನ್ನು ಕುಂಬಾರನು ಮೊದಲೇ ಮಾಡಿಕೊಟ್ಟಿದ್ದಾನೆ. ಆದುದರಿಂದ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಸಾಲದು. ಎರಡನ್ನೂ ಪಕ್ಕಪಕ್ಕದಲ್ಲಿ ಹಚ್ಚಿಟ್ಟು ಭೇದವನ್ನು ಕೇಳಬೇಕು. ಜ್ವಾಲೆಯ ಬೆಳಕಿಗೆ ಅದರಲ್ಲಿ ಕಾದು ಹೊಳೆಯುವ ಇಂಗಾಲದ ಕಣಗಳೇ ಕಾರಣವೆಂದು ಫ್ಯಾರಡೆಯು ಎರಡನೆಯ ಉಪನ್ಯಾಸದಲ್ಲಿ ತೋರಿಸುತ್ತಾನೆ. ಹರಳೆಣ್ಣೆಯ ದೀಪದ ಮೇಲೆ ತಟ್ಟೆಯನ್ನು ಕವುಚಿ ಹಿಡಿದು ಮಗುವಿನ ಕಣ್ಣಿಗೆ ಕಾಡಿಗೆ ತೆಗೆಯುತ್ತಿದ್ದ ಮನೆಗಳಿಗೆ ಈ ಕಣಗಳ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕೆ? ಉಸಿರಿನಲ್ಲಿಯೂ ಬತ್ತಿಯ ಹೊಗೆಯಲ್ಲಿಯೂ ಒಂದೇ ವಾಯು ಇರುವುದನ್ನು ಅವನು ಸುಣ್ಣದ ತಿಳಿನೀರಿನಿಂದ ಸಾಧಿಸುತ್ತಾನೆ. ಎಲೆಯಡಿಕೆಯ ತಟ್ಟೆಯಲ್ಲಿರುವ ಸುಣ್ಣವನ್ನು ನೀರಿನಲ್ಲಿ ಕದಡಿ, ತಳ ಕಟ್ಟಿದ ಮೇಲೆ ತಿಳಿಯನ್ನು ಬಸಿದುಕೊಂಡು, ಅದಕ್ಕೆ ಒಂದು ಕೊಳವೆಯಿಂದ ಮೆಲ್ಲನೆ ಊದಿದರೆ ತಿಳಿಯು ಹಾಲಿನಂತೆ ಬೆಳ್ಳಗಾಗುತ್ತದೆ. ಊದುವವನು ತಿಳಿಯನ್ನು ಬಾಯಿಗೆ ಎಳೆದುಕೊಳ್ಳದಂತೆ ಎಚ್ಚರದಿಂದಿರಬೇಕು, ಅಷ್ಟೆ. ವಿಷಯವನ್ನು ವಾಚಕನ ಮನೆಯೊಳಗೆ ಹುಡುಕುವ ಈ ಕಣ್ಣು ನಿಘಂಟಿನಿಂದ ಬರುವುದಿಲ್ಲ. ಆದರೂ ಅದು ಕಲಿಯಬಹುದಾದ ವಿದ್ಯೆಯೇ.

ಹೆಸರುಗಳ ವಿಷಯದಲ್ಲಿ ಕನ್ನಡದವರು ಪಟ್ಟ ಶ್ರಮವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದಾಗ ಕನ್ನಡದಲ್ಲಿ ಶಾಸ್ತ್ರವನ್ನು ಹೇಳಲು ಪದಗಳೇ ಇರಲಿಲ್ಲವೆಂಬುದು ಅವರ ಎದುರಿಗಿದ್ದ ಮೊದಲ ತೊಡಕು. ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದಂತೆಯೇ ಹಳಗನ್ನಡ ಗ್ರಂಥಗಳ ಸಂಪಾದಕರೂ ಆಗಿದ್ದರು. ಆ ಕೆಲಸಕ್ಕೆ ಅಂತಹ ಇಮ್ಮಡಿ ಪಾಂಡಿತ್ಯವೇ ಬೇಕಾಗಿತ್ತು. ಪತ್ರಿಕೆಯು ಎರಡು ವರ್ಷ ಮಾತ್ರ ಬದುಕಿದರೂ ಅದು ಹಾಕಿದ ಅಡಿಪಾಯದ ಮೇಲೆ ಮುಂದಿನವರು ಕಟ್ಟಿದರು. ಫ್ಯಾರಡೆಯೂ ಹೆಸರಿಡುವ ಕೆಲಸವನ್ನು ಉಪೇಕ್ಷಿಸಲಿಲ್ಲ. ವಿದ್ಯುತ್ತಿನಿಂದ ಪದಾರ್ಥಗಳನ್ನು ವಿಭಜಿಸುವ ಪ್ರಯೋಗಗಳಲ್ಲಿ ಹೊಸ ಪದಗಳು ಬೇಕಾದಾಗ ಅವನು ವಿಲಿಯಂ ಹ್ಯೂವೆಲ್ ಎಂಬ ವಿದ್ವಾಂಸನಿಗೆ ಬರೆದು ಕೇಳಿ, ೧೮೩೪ರಲ್ಲಿ ‘ಆನೋಡ್’, ‘ಕ್ಯಾಥೋಡ್’, ‘ಅಯಾನ್’ ಮೊದಲಾದ ಪದಗಳನ್ನು ಬಳಕೆಗೆ ತಂದನು. ಆದರೆ ಅಲ್ಲಿಯೂ ವಸ್ತುವು ಮೊದಲು ಕೈಗೆ ಸಿಕ್ಕಿತ್ತು, ಹೆಸರು ಆಮೇಲೆ ಬಂದಿತು. ಈ ಕ್ರಮದ ಸಾರ್ಥಕತೆಗೆ ‘ಮೇಣದ ಬತ್ತಿ’ಯೇ ಸಾಕ್ಷಿ. ಫ್ಯಾರಡೆಯು ಯಾವುದನ್ನು ‘ಕಾರ್ಬಾನಿಕ್ ಆಸಿಡ್’ ಎಂದು ಕರೆದನೋ ಆ ವಾಯುವನ್ನು ಇಂದು ಇಂಗ್ಲಿಷಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಕನ್ನಡದಲ್ಲಿಯೂ ಒಂದು ತಲೆಮಾರಿನವರ ‘ಇಂಗಾಲಾಮ್ಲ’ವು ಮುಂದಿನವರಿಗೆ ‘ಇಂಗಾಲದ ಡೈಆಕ್ಸೈಡ್’ ಆಯಿತು. ಎರಡು ಭಾಷೆಗಳಲ್ಲಿಯೂ ಹೆಸರು ಬದಲಾಯಿತು. ಬೆಳ್ಳಗಾದ ಸುಣ್ಣದ ತಿಳಿಯು ಹಾಗೆಯೇ ಉಳಿಯಿತು. ಹೆಸರನ್ನು ಮಾತ್ರ ಕಲಿತ ವಾಚಕನಿಗೆ ಆ ದಿನ ಕಲಿತುದೆಲ್ಲ ಹಳೆಯದಾಯಿತು. ತಿಳಿಯು ಬೆಳ್ಳಗಾದುದನ್ನು ಕಂಡವನಿಗೆ ಏನೂ ನಷ್ಟವಾಗಲಿಲ್ಲ.

ಇಷ್ಟರಿಂದ ಈ ಪುಸ್ತಕವು ನಿರ್ದೋಷವೆಂದು ಯಾರೂ ಭಾವಿಸಬೇಕಾಗಿಲ್ಲ. ಅದು ಆಡಿದ ಮಾತಿನ ಬರೆಹ. ‘ಇದನ್ನು ನೋಡಿ’, ‘ಈಗ ಇಲ್ಲಿ’ ಎಂಬ ಕೈಸನ್ನೆಗಳು ಪುಟಪುಟದಲ್ಲಿಯೂ ಇವೆ. ಸಭೆಯಲ್ಲಿ ಕುಳಿತವನಿಗೆ ಅವು ಬೆಳಕು, ಪುಸ್ತಕವನ್ನು ಹಿಡಿದವನಿಗೆ ಕತ್ತಲೆ. ಜಲಜನಕ ಆಮ್ಲಜನಕಗಳನ್ನು ಕುರಿತ ನಡುವಣ ಉಪನ್ಯಾಸಗಳಲ್ಲಿ ಬತ್ತಿಯು ಬಹುದೂರ ಹಿಂದೆ ಉಳಿದುಬಿಡುತ್ತದೆ. ವೋಲ್ಟನ ವಿದ್ಯುತ್ಕೋಶವು ಏನೆಂಬುದನ್ನು ತಿಳಿಸದೆಯೇ ಅದರಿಂದ ನೀರನ್ನು ಒಡೆದು ತೋರಿಸಲಾಗಿದೆ. ಕಣ್ಣು ಬೆರಗಾಗುತ್ತದೆ; ಬುದ್ಧಿಯು ಒಂದು ಮೆಟ್ಟಿಲನ್ನು ಹಾರಿ ಹೋಗಬೇಕಾಗುತ್ತದೆ. ಇದಕ್ಕಿಂತ ಗಣ್ಯವಾದ ದೋಷವು ಕಡೆಯ ಉಪನ್ಯಾಸದಲ್ಲಿದೆ. ಲಂಡನ್ ನಗರದ ಜನರು ಒಂದು ಹಗಲು ರಾತ್ರಿಯಲ್ಲಿ ಉಸಿರಾಡಿ ಹೊರಬಿಡುವ ಇಂಗಾಲಾಮ್ಲವು ೫೦ ಲಕ್ಷ ಪೌಂಡು, ಅಥವಾ ೫೪೮ ಟನ್ನು, ಎಂದು ಅಲ್ಲಿ ಅಚ್ಚಾಗಿದೆ. ಇಂಗ್ಲೆಂಡಿನ ಒಂದು ಟನ್ನಿಗೆ ೨,೨೪೦ ಪೌಂಡು. ಭಾಗಿಸಿ ನೋಡಿದರೆ ೫೦ ಲಕ್ಷ ಪೌಂಡು ೨,೨೦೦ ಟನ್ನಿಗೂ ಮಿಗಿಲಾಗುವುದು. ಎರಡು ಅಂಕೆಗಳೂ ಸರಿಯಾಗಿರಲಾರವು. ತಪ್ಪು ನಾಲಗೆಯದಾಗಲಿ, ಬರೆದುಕೊಂಡ ಕೈಯದಾಗಲಿ, ಅಚ್ಚಿನ ಮೊಳೆಯದಾಗಲಿ, ಅದನ್ನು ಹಿಡಿಯಬೇಕಾದವರು ಹಿಡಿಯಲಿಲ್ಲ. ಮಹಾಶಾಸ್ತ್ರಜ್ಞನ ಮಾತೂ ಸಮರ್ಥ ಸಂಪಾದಕನ ದೃಷ್ಟಿಯೂ ಸೇರಿದ ಪುಟದಲ್ಲಿಯೇ ಹೀಗಾದರೆ, ಅಂಕೆಗಳನ್ನು ತಾನೇ ಲೆಕ್ಕ ಹಾಕಿ ನೋಡಿಕೊಳ್ಳುವ ಅಭ್ಯಾಸವು ಶಾಸ್ತ್ರಲೇಖಕನಿಗೆ ಎಷ್ಟು ಅವಶ್ಯಕವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದಲ್ಲದೆ ಫ್ಯಾರಡೆಯ ಮಾರ್ಗಕ್ಕೆ ಒಂದು ಎಲ್ಲೆಯೂ ಉಂಟು. ಮೇಜಿನ ಮೇಲೆ ಇಡಬಹುದಾದ ವಸ್ತುವಿಗೆ ಅದು ಸಲ್ಲುವುದು. ಮೇಜಿನ ಮೇಲೆ ಇಡಲಾರದ ವಿಷಯಗಳು ಇಂದಿನ ವಾಚಕನ ಬಾಳನ್ನು ಹೆಚ್ಚಾಗಿ ಮುಟ್ಟುತ್ತವೆ. ಲಸಿಕೆಯೊಂದು ಎಷ್ಟು ಮಂದಿಯನ್ನು ಕಾಪಾಡುವುದು, ಒಂದು ಔಷಧದ ಗುಣವು ಕಾಕತಾಳೀಯವೋ ಅಲ್ಲವೋ, ಸಮುದ್ರವು ವರ್ಷಕ್ಕೆ ಎಷ್ಟು ಏರುತ್ತಿದೆ ಎಂಬ ಪ್ರಶ್ನೆಗಳಿಗೆ ಒಂದು ಸಂಜೆಯ ಪ್ರಯೋಗದಿಂದ ಉತ್ತರ ಬರುವುದಿಲ್ಲ. ಸಾವಿರಾರು ಸಂಗತಿಗಳನ್ನು ಎಣಿಸಬೇಕಾಗುತ್ತದೆ. ಇಲ್ಲಿ ಜೆ. ಬಿ. ಎಸ್. ಹಾಲ್ಡೇನನ ನೆರವು ಬೇಕು. ತಳಿಶಾಸ್ತ್ರದಲ್ಲಿ ಗಣಿತವನ್ನು ನೆಲೆಗೊಳಿಸಿದವರಲ್ಲಿ ಒಬ್ಬನಾದ ಇವನು ೧೯೩೭ರಿಂದ ಮುಂದೆ ಲಂಡನ್ನಿನ ಕಾರ್ಮಿಕರ ದಿನಪತ್ರಿಕೆಯೊಂದಕ್ಕೆ ಮುನ್ನೂರಕ್ಕೂ ಹೆಚ್ಚು ಶಾಸ್ತ್ರಲೇಖನಗಳನ್ನು ಬರೆದನು. ೧೯೫೭ರಲ್ಲಿ ಭಾರತಕ್ಕೆ ಬಂದು ನೆಲೆಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನು. ಜನಪ್ರಿಯ ಶಾಸ್ತ್ರಲೇಖನವನ್ನು ಬರೆಯುವುದು ಹೇಗೆಂಬುದನ್ನು ಕುರಿತು ಅವನು ಒಂದು ಪುಟ್ಟ ಪ್ರಬಂಧವನ್ನೇ ಬರೆದಿದ್ದಾನೆ. ಈ ಕೆಲಸವು ಸುಲಭವಲ್ಲ, ಪ್ರಯೋಗಶಾಲೆಯಲ್ಲಿರುವಂತೆ ಬರೆವಣಿಗೆಯಲ್ಲಿಯೂ ಒಂದು ತಂತ್ರವಿದೆ, ಅದನ್ನು ಕೀಳೆಂದು ಬಗೆಯುವ ಶಾಸ್ತ್ರಜ್ಞನು ಎಂದಿಗೂ ಯಶಸ್ವಿಯಾಗಲಾರನು ಎಂಬುದು ಅವನ ಮೊದಲ ಮಾತಿನ ತಾತ್ಪರ್ಯ. ವಾಚಕನಿಗೆ ಗೊತ್ತಿರುವ ಸಂಗತಿಯಿಂದ ಹೊರಡಬೇಕು, ವಾಕ್ಯಗಳು ಚಿಕ್ಕವಾಗಿರಬೇಕು, ವಿಷಯವನ್ನರಿಯದ ಗೆಳೆಯನೊಬ್ಬನಿಗೆ ಲೇಖನವನ್ನು ಓದಲು ಕೊಡಬೇಕು ಎಂದು ಮುಂದಿನ ಸೂತ್ರಗಳು. ಕೊನೆಯ ಸೂತ್ರವು ಕನ್ನಡ ಲೇಖಕರಿಗೆ ಅತ್ಯಂತ ಉಪಯುಕ್ತ. ಏಕೆಂದರೆ ಇಲ್ಲಿ ಹಸ್ತಪ್ರತಿಯನ್ನು ವಿಷಯ ಬಲ್ಲ ವಿದ್ವಾಂಸರಿಗೆ ತೋರಿಸುವ ವಾಡಿಕೆಯುಂಟು, ಮನೆಯವರಿಗೆ ತೋರಿಸುವ ವಾಡಿಕೆಯಿಲ್ಲ.

ಸಂಖ್ಯೆಗಳನ್ನು ಹೇಳುವುದರಲ್ಲಿಯೂ ಶಿಕ್ಷಣಕ್ಕೆ ಎಡೆಯಿದೆ. ಒಂದು ಪದಾರ್ಥವನ್ನು ತಿಂದವರಲ್ಲಿ ಒಂದು ರೋಗವು ಇಮ್ಮಡಿಯಾಯಿತೆಂದು ಪತ್ರಿಕೆಯಲ್ಲಿ ಬಂದಿತೆಂದು ಇಟ್ಟುಕೊಂಡರೆ, ಓದಿದ ಗೃಹಿಣಿಯು ಆ ಪದಾರ್ಥವನ್ನು ಅಡಿಗೆಮನೆಯಿಂದ ಹೊರಗೆಸೆಯುವಳು. ಆದರೆ ಹತ್ತು ಸಾವಿರದಲ್ಲಿ ಒಬ್ಬರಿಗೆ ಬರುತ್ತಿದ್ದುದು ಇಬ್ಬರಿಗೆ ಬಂದರೂ ಇಮ್ಮಡಿಯೇ; ನೂರರಲ್ಲಿ ಹತ್ತು ಮಂದಿಗೆ ಬರುತ್ತಿದ್ದುದು ಇಪ್ಪತ್ತು ಮಂದಿಗೆ ಬಂದರೂ ಇಮ್ಮಡಿಯೇ. ಇವೆರಡಕ್ಕೂ ಇರುವ ಅಂತರವನ್ನು ಹೇಳದ ಲೇಖಕನು ಸುಳ್ಳು ಹೇಳಿದನೆನ್ನಲಾಗದು. ನಿಜವನ್ನು ಹೇಳಿದನೆನ್ನಲೂ ಆಗದು. ‘ಎಷ್ಟರಲ್ಲಿ ಎಷ್ಟು’ ಎಂದು ಕೇಳುವುದೇ ಈ ಬಗೆಯ ವಿಷಯಗಳಲ್ಲಿ ಸುಣ್ಣದ ತಿಳಿಯ ಸ್ಥಾನದಲ್ಲಿ ನಿಲ್ಲುವ ಪರೀಕ್ಷೆ.

ಕನ್ನಡದಲ್ಲಿ ಈ ವಿದ್ಯೆಯನ್ನು ಸಾಧಿಸಿದವರು ಇಲ್ಲದಿಲ್ಲ. ಶಿವರಾಮ ಕಾರಂತರು ೧೯೩೬ರಲ್ಲಿ ‘ಬಾಲಪ್ರಪಂಚ’ವನ್ನೂ, ಅನಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಕೊಟ್ಟರು. ಕಾಲೇಜನ್ನು ನಡುವೆಯೇ ಬಿಟ್ಟ ಅವರಿಗೆ ಯಾವ ಶಾಸ್ತ್ರದಲ್ಲಿಯೂ ಪದವಿಯಿರಲಿಲ್ಲ. ಮಾರ್ಸೆಟ್ಟಳಂತೆ ಅವರೂ ಕಲಿಯುವವನ ಕಡೆಯಲ್ಲಿ ನಿಂತು ಬರೆದರು. ಆ ಸಂಪುಟಗಳ ಬಲವೂ ಅದೇ, ಮಿತಿಯೂ ಅದೇ. ಅವುಗಳ ಹರಹು ಆಶ್ಚರ್ಯಕರ. ಆದರೆ ಇಷ್ಟು ಅಗಲವಾಗಿ ಹೇಳಹೊರಟವರಿಗೆ ಒಂದೊಂದು ವಿಷಯದಲ್ಲಿಯೂ ಪ್ರಶ್ನೆಯಿಂದ ಉತ್ತರದ ವರೆಗೆ ವಾಚಕನನ್ನು ನಡೆಯಿಸಿಕೊಂಡು ಹೋಗುವ ಬಿಡುವು ಇರಲಾರದು. ಬಿ. ಜಿ. ಎಲ್. ಸ್ವಾಮಿಯವರದು ಇನ್ನೊಂದು ಬಗೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರ ‘ಹಸುರು ಹೊನ್ನು’ ೧೯೭೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ವಿದ್ಯಾರ್ಥಿಗಳೊಡನೆ ಕಾಡುಮೇಡುಗಳನ್ನು ಅಲೆಯುವ ಕಥೆಯೊಳಗೆ ಗಿಡಮರಗಳು ಪಾತ್ರಗಳಂತೆ ಪ್ರವೇಶಿಸುತ್ತವೆ, ಚಿತ್ರಗಳೂ ಲೇಖಕರವೇ. ವಾಚಕನು ನಗುತ್ತಿರುವಾಗಲೇ ಎಲೆಯ ಜೋಡಣೆಯನ್ನೂ ಹೂವಿನ ರಚನೆಯನ್ನೂ ಗುರುತಿಸಲು ಕಲಿತಿರುತ್ತಾನೆ. ಹೆಸರಿಗೆ ಮುಂಚೆ ವಸ್ತುವೆಂಬ ಕ್ರಮವು ಕನ್ನಡದ ಮಣ್ಣಿಗೆ ಪರಕೀಯವಲ್ಲವೆಂಬುದಕ್ಕೆ ಇದಕ್ಕಿಂತ ಪ್ರಮಾಣವು ಬೇಡ. ಆದರೆ ಆ ಹಾಸ್ಯವನ್ನು ಅನುಕರಿಸಿದವರು ಹಲವರು; ಆ ನೋಟವನ್ನು ಅಭ್ಯಾಸ ಮಾಡಿದವರು ಕೆಲವರು.

ಶಿಕ್ಷಣದ ಏರ್ಪಾಡುಗಳೂ ಈಗ ಇಲ್ಲದಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ೧೯೯೧ರಿಂದ ಶಾಸ್ತ್ರಸಂವಹನಕ್ಕೆಂದೇ ಸ್ನಾತಕೋತ್ತರ ವ್ಯಾಸಂಗವು ಏರ್ಪಟ್ಟಿತು. ಕರ್ನಾಟಕದಲ್ಲಿ ೧೯೮೦ರಲ್ಲಿ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪಿತವಾಯಿತು; ಅದರ ‘ಬಾಲ ವಿಜ್ಞಾನ’ ಮಾಸಪತ್ರಿಕೆಯಲ್ಲಿ ಬರೆದು ಕೈ ಪಳಗಿಸಿಕೊಂಡವರು ಅನೇಕರು. ಲೇಖಕರಿಗಾಗಿ ಶಿಬಿರಗಳೂ ನಡೆಯುತ್ತವೆ. ಇವುಗಳ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಒಂದೆರಡು ದಿನಗಳ ಶಿಬಿರದಲ್ಲಿ ಉಪನ್ಯಾಸಗಳನ್ನು ಕೇಳಿ, ಪದಕೋಶವೊಂದನ್ನು ಪಡೆದು, ಪ್ರಮಾಣಪತ್ರದೊಡನೆ ಮನೆಗೆ ಮರಳಿದವನು ಲೇಖಕನಾಗುವುದಿಲ್ಲ. ಈಜನ್ನು ದಡದ ಮೇಲೆ ಕಲಿಸಲಾಗದು. ಬರೆದುದನ್ನು ಅಲ್ಲಿಯೇ ಓದಿಸಬೇಕು, ವಿಷಯವನ್ನರಿಯದವರು ಎಲ್ಲಿ ತಡೆದರೋ ಅಲ್ಲಿ ಗೆರೆ ಎಳೆಯಬೇಕು, ಮತ್ತೆ ಬರೆಯಿಸಬೇಕು. ಒಂದೇ ವಿಷಯವನ್ನು ಹತ್ತು ವರ್ಷದ ಹುಡುಗಿಗೆ ಒಮ್ಮೆ, ರೈತನಿಗೆ ಒಮ್ಮೆ, ಶಾಲೆಯ ಉಪಾಧ್ಯಾಯರಿಗೆ ಒಮ್ಮೆ ಹೇಳಿಸಬೇಕು. ಮೂಲ ಸಂಶೋಧನಪತ್ರವನ್ನು ಓದಿ, ಅದರ ಕರ್ತರು ಎಷ್ಟನ್ನು ಸಾಧಿಸಿದ್ದಾರೆ, ಎಷ್ಟನ್ನು ಊಹೆಯೆಂದು ಬಿಟ್ಟಿದ್ದಾರೆ ಎಂದು ಬೇರೆಬೇರೆಯಾಗಿ ಬರೆಯಿಸಬೇಕು. ಸಂಗೀತದಲ್ಲಿ ಸರಳೆ ಜಂಟಿವರಸೆಗಳನ್ನು ಬಿಟ್ಟು ಕೃತಿಗೆ ಹಾರಿದವನನ್ನು ಗುರುವು ಹಿಂದಕ್ಕೆ ಕರೆಯುತ್ತಾನಷ್ಟೆ. ಇಲ್ಲಿಯೂ ಅಂತಹ ಗುರುಗಳು ಬೇಕು.

ಇದು ಲೇಖಕರ ಕೀರ್ತಿಗೆ ಮಾತ್ರ ಸಂಬಂಧಪಟ್ಟ ಮಾತಾಗಿದ್ದರೆ ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ೨೦೨೦ರಲ್ಲಿ ಕೋವಿಡ್ ಮಹಾಮಾರಿಯು ಹಬ್ಬಿದಾಗ ಅಕ್ಷರ ಬಲ್ಲ ಮನೆಗಳಿಗೂ ದಿನಕ್ಕೊಂದು ಕಷಾಯ, ದಿನಕ್ಕೊಂದು ಮದ್ದಿನ ಸುದ್ದಿ ಬರುತ್ತಿತ್ತು. ಅವೆಲ್ಲವೂ ಶಾಸ್ತ್ರದ ವೇಷವನ್ನೇ ತೊಟ್ಟಿದ್ದವು. ಪಾರಿಭಾಷಿಕ ಪದಗಳಿಗೂ ಶಾಸ್ತ್ರಜ್ಞರ ಹ��ಸರುಗಳಿಗೂ ಅವುಗಳಲ್ಲಿ ಕೊರತೆಯಿರಲಿಲ್ಲ. ಶಾಸ್ತ್ರವೆಂದರೆ ಕಠಿನವಾದ ಹೆಸರುಗಳೂ ದೊಡ್ಡವರ ಮಾತೂ ಎಂದು ಎಳೆಯತನದಿಂದ ಓದಿಕೊಂಡು ಬಂದ ವಾಚಕನು ದಿಟವಾದ ಲೇಖನವನ್ನೂ ಸಟೆಯಾದ ಸುದ್ದಿಯನ್ನೂ ಯಾವ ಗುರುತಿನಿಂದ ಬೇರ್ಪಡಿಸಬೇಕು? ಎರಡರ ಹೊರಮೈಯೂ ಒಂದೇ. ‘ಇದು ಹೇಗೆ ಗೊತ್ತಾಯಿತು, ಯಾರು ಪರೀಕ್ಷಿಸಿದರು, ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ ಗುಣವಾಯಿತು’ ಎಂದು ಕೇಳುವ ಅಭ್ಯಾಸವಿದ್ದವನಿಗೆ ಮಾತ್ರ ಒಳಮೈಯು ಕಾಣುವುದು. ಆ ಅಭ್ಯಾಸವನ್ನು ವಾಚಕನಿಗೆ ಉಂಟುಮಾಡುವುದು ಶಾಸ್ತ್ರಲೇಖಕನ ಮುಖ್ಯ ಧರ್ಮ; ವಿಷಯವನ್ನು ತಿಳಿಸುವುದು ಅದರ ಮುಂದಿನ ಮಾತು. ತಾನೇ ಆ ಅಭ್ಯಾಸವನ್ನು ಪಡೆಯದವನು ಅದನ್ನು ಇತರರಿಗೆ ಕೊಡುವುದು ಹೇಗೆ?

ಫ್ಯಾರಡೆಯ ಆರನೆಯ ಉಪನ್ಯಾಸವು ಬತ್ತಿಯ ಉರಿಗೂ ಮನುಷ್ಯನ ಉಸಿರಿಗೂ ಇರುವ ಸಾಮ್ಯದಲ್ಲಿ ಮುಗಿಯುತ್ತದೆ. ಎರಡೂ ಗಾಳಿಯಿಂದ ಆಮ್ಲಜನಕವನ್ನು ಪಡೆದು ಇಂಗಾಲವನ್ನು ಸುಟ್ಟು ಕಾವನ್ನು ಕೊಡುತ್ತವೆ. ಎರಡರಿಂದಲೂ ಹೊರಟ ವಾಯುವು ಗಿಡಗಳಿಗೆ ಆಹಾರವಾಗುತ್ತದೆ. ಈ ಸಿದ್ಧಾಂತವನ್ನು ಮೊದಲ ಪುಟದಲ್ಲಿಯೇ ಹೇಳಿಬಿಡುವುದು ಅವನಿಗೆ ಕಷ್ಟವಾಗಿರಲಿಲ್ಲ. ಐದು ದಿನಗಳ ಕಾಲ ಅದನ್ನು ಹೇಳದೆ ತಡೆದು, ಆರನೆಯ ದಿನ ಮಕ್ಕಳು ತಾವೇ ಅದರ ಬಳಿಗೆ ನಡೆದು ಬರುವಂತೆ ಮಾಡಿದುದರಲ್ಲಿ ಅವನ ವಿದ್ಯೆಯೆಲ್ಲ ಅಡಗಿದೆ. ಗೊತ್ತಿರುವುದನ್ನು ಕೂಡಲೆ ಹೇಳಿಬಿಡಬೇಕೆಂಬ ಆತುರವು ವಿದ್ವಾಂಸರಿಗೆ ಸಹಜವಾದುದು. ಆ ಆತುರವನ್ನು ಹಿಡಿದು ನಿಲ್ಲಿಸುವುದನ್ನು ಕಲಿಯಬೇಕು. ಕಲಿಯಲು ಬರುತ್ತದೆಂಬುದಕ್ಕೆ ‘ನಿಧಾನ’ ಎಂಬ ಚೀಟಿಯನ್ನು ಮುಂದಿಟ್ಟುಕೊಂಡು ನಿಂತ ಆ ಕಮ್ಮಾರನ ಮಗನೇ ನಿದರ್ಶನ.